ಟಾಲಿವರ್ ಸಾಹೇಬರ ಮುತ್ತಜ್ಜ

ಕಳೆದ ವಾರ ಅಲ್ ಮವಾಲೇಹ್ ತರಕಾರಿ ಮಾರುಕಟ್ಟೆಯಲ್ಲಿ ಬಸಳೆ ಆರಿಸುತ್ತಿದ್ದೆ. ನನ್ನ ಮಗಳಿಗೆ ಪರಿಚಯದ ಹುಡುಗಿಯೊಬ್ಬಳು ಎದುರಾದಳು. ಬೆಳಗಾವಿ ಕಡೆಯವಳು, ಮಸ್ಕತ್ತಿನ ಒಂದು ಕಂಪನಿಯಲ್ಲಿ ಮ್ಯಾನೇಜರರ ಸೆಕ್ರೆಟರಿಯಾಗಿ ಹೊಸದಾಗಿ ಸೇರಿದ್ದಾಳೆ.

"ಕಾಕಾ, ನೀವೂ ಸೆಕ್ರೆಟರಿನ ಆಗಿದ್ರಂತ? ಆವಾಗ ಕಂಪ್ಯೂಟರ್ ಇದ್ದಿದ್ದಿಲ್ಲಲ್ರೀ, ಮತ್ತ ಇಡೀ ದಿನ ಕುಂತು ಏನ್ ಮಾಡ್ತಿದ್ರಿ?"

"ಬಾಯಿ ಮುಚ್ಚಿ ಕಿವಿ ತೆರೆದು ಕೂತಿರ್ತಿದ್ದೆ ಮಾರಾಯ್ತಿ" ಅಂದೆ. ಅವಳು ನಕ್ಕು ಟೊಮೇಟೊ ಇದ್ದ ಕಡೆ ಹೋದಳು. ಮನೆಗೆ ಬಂದು ಬಸಳೆಯ ಎಲೆ ಬಿಡಿಸುತ್ತಾ ಕೂತಾಗ, ಆ ಉತ್ತರ ಸಾಲದು ಅನ್ನಿಸಿತು. ಒಂದು ಆಯುಷ್ಯದ ಕೆಲಸವನ್ನು ಒಂದು ತಮಾಷೆಯಲ್ಲಿ ಮುಗಿಸಿಬಿಟ್ಟೆನಲ್ಲ ಅಂತ ಬೇಜಾರೂ ಆಯಿತು. ಅವಳಿಗೂ ಅವಳಂಥವರಿಗೂ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ವಿಠಲ. ಊರು ಕಾರ್ಕಳದ ಹತ್ತಿರ, ಮನೆಮಾತು ತುಳು. ಈಗ ಮಗಳು ಅಳಿಯನ ಜೊತೆ ಇಲ್ಲೇ ಇದ್ದೇನೆ. ಮೊಮ್ಮಗಳ ಹತ್ತಿರ ತುಳುವಿನಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಬೇಜಾರಿಲ್ಲ, ನಾನು ಜೀವನವಿಡೀ ಇಂಗ್ಲಿಷಿನ ಉತ್ತರ ಬರೆದುಕೊಂಡೇ ಹೊಟ್ಟೆ ಹೊರೆದವನು.

ನಮ್ಮ ಕಾಲದಲ್ಲಿ ಕರಾವಳಿಯ ಪ್ರತಿ ಪೇಟೆಯಲ್ಲೂ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕಲಿತರೆ ಬೊಂಬಾಯಿ, ಅಲ್ಲಿಂದ ಗಲ್ಫು. ಅದೊಂದು ನೆಟ್ಟಗಿನ ದಾರಿ. ಶಾರ್ಟ್‌ಹ್ಯಾಂಡ್ ಅಂದರೆ ಮಾತಿನ ವೇಗದಲ್ಲೇ ಬರೆದುಕೊಳ್ಳುವ ಗೆರೆ, ಕೊಕ್ಕೆ, ಚುಕ್ಕಿಗಳ ಬರಹ. ನಾನು ಮನೆಯಲ್ಲಿ ಕೂತು ಅಭ್ಯಾಸ ಮಾಡುವುದನ್ನು ಕಂಡು ಅಮ್ಮ, ಇವನು ಯಾರಿಗೋ ಮಾಟದ ಯಂತ್ರ ಬರೆಯುತ್ತಿದ್ದಾನೆ ಅಂತ ಗಾಬರಿಯಾಗಿದ್ದಳು. ಆ ಯಂತ್ರವೇ ಮನೆಗೆ ಹಂಚು ಹಾಕಿಸಿತು.

ಬಡ್ತಿಯ ಕತೆ ಮಾತ್ರ ಕೇಳಬೇಡಿ. ಸೆಕ್ರೆಟರಿಯಾಗಿ ಬಂದೆ, ಸೀನಿಯರ್ ಸೆಕ್ರೆಟರಿಯಾಗಿ ಹೋದೆ. ನಡುವೆ ಬಡ್ತಿ ಸಿಕ್ಕಿದ್ದು ತಲೆಕೂದಲಿಗೆ, ಕಪ್ಪಿನಿಂದ ಬಿಳಿಗೆ.

ನಾನು ಸೇರಿದ್ದು ರಸ್ತೆ ಮಾಡುವ ಒಂದು ಕಂಪನಿಗೆ. ಆಫೀಸಿನ ಯಜಮಾನಿಕೆ ಪಿರೇರಾ ಎಂಬ ಮಂಗಳೂರಿನವರದ್ದು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಸೇರಿದ ಹೊಸತರಲ್ಲಿ ಒಬ್ಬರು ಮುದುಕರು ಮ್ಯಾನೇಜರನ್ನು ಕಾಣಲು ಬಂದರು. ಮ್ಯಾನೇಜರು ಸೈಟಿಗೆ ಹೋಗಿದ್ದರು. ಮುದುಕರು ಸ್ವಲ್ಪ ಹೊತ್ತು ಕೂತು, ಕಾವಾ ಎಂಬ ಅರಬ್ಬಿ ಕಾಫಿ ಕುಡಿದು, ಎದ್ದು ಹೋದರು. ಸಂಜೆ ಪಿರೇರಾ ಸಾರ್ ಕೇಳಿದರು.

"ಯಾರು ಬಂದಿದ್ದದ್ದು?"

"ಒಬ್ಬರು ಓಮಾನಿ ಸಾರ್. ವಯಸ್ಸಾದವರು. ಬಿಳಿ ದಿಶ್‌ದಾಶ ಹಾಕಿದ್ರು."

"ವಿಠಲಾ, ಈ ದೇಶದಲ್ಲಿ ಬಿಳಿ ದಿಶ್‌ದಾಶ ಹಾಕುವ ಮುದುಕ ಒಬ್ಬನೇ ಇರುವುದಾ?"

ದಿಶ್‌ದಾಶ ಅಂದರೆ ಇಲ್ಲಿನ ಗಂಡಸರೆಲ್ಲ ಹಾಕುವ ಉದ್ದ ನಿಲುವಂಗಿ. ಮಸ್ಕತ್ತಿನ ಹತ್ತಿರದ ಬರ್ಕಾದಲ್ಲಿ ನಮ್ಮ ಸೈಟ್ ಆಫೀಸಿಗೆ ಜಾಗ ಕೊಡಲು ಒಪ್ಪಿ ಬಂದವರು ಅವರು ಎಂದು ಆಮೇಲೆ ತಿಳಿಯಿತು. ಕಂಪನಿಯ ಸರಕಾರಿ ಓಡಾಟ ನೋಡಿಕೊಳ್ಳುವ ಮಂದೂಬ್ ಸಲೀಂ, ಬರ್ಕಾದ ಮಾರುಕಟ್ಟೆಯಲ್ಲಿ, ಮಸೀದಿಯ ಬಾಗಿಲಲ್ಲಿ, ಖರ್ಜೂರದ ತೋಟಗಳಲ್ಲಿ ಬಿಳಿ ದಿಶ್‌ದಾಶದ ಮುದುಕರನ್ನು ವಿಚಾರಿಸುತ್ತಾ ತಿರುಗಿದ. ಸಿಕ್ಕಿದಾಗ ಅವರು ಹೇಳಿದ್ದು ಇಷ್ಟೇ: "ನಿಮ್ಮ ಆಫೀಸಿನಲ್ಲಿ ನನ್ನ ಹೆಸರನ್ನೇ ಕೇಳಲಿಲ್ಲ. ಬೇಡದವನು ಅಂದುಕೊಂಡೆ." ಅಂದು ಪಿರೇರಾ ಸಾರ್ ನನಗೆ ಕೊಟ್ಟ ಮೊದಲ ಪಾಠ, "ಹೆಸರು ಕೇಳದೆ ಯಾರನ್ನೂ ಬಾಗಿಲು ದಾಟಿಸಬೇಡ. ಮಿಕ್ಕಿದ್ದೆಲ್ಲ ಆಮೇಲೆ."

ಎರಡನೇ ಪಾಠ ಕಲಿಸಿದವನು ಸಲೀಂ. ಮೂವರು ಎಂಜಿನಿಯರುಗಳ ವೀಸಾ ಯಾವಾಗ ಅಂತ ಕೇಳಿದರೆ "ಬುಕ್ರಾ" ಅಂದ. ಬುಕ್ರಾ ಅಂದರೆ ನಾಳೆ. ನಾನು ಪೆದ್ದನ ಹಾಗೆ, ವೀಸಾ ನಾಳೆ ಸಿದ್ಧ, ಜನರನ್ನು ಕಳಿಸಿ ಅಂತ ಬೊಂಬಾಯಿಗೆ ಟೆಲೆಕ್ಸ್, ಅಂದರೆ ತಂತಿಯಲ್ಲಿ ಹೋಗುವ ಟೈಪು ಸಂದೇಶ, ಹೊಡೆದೆ. ಮೂವರೂ ಬಂದಿಳಿದು, ವೀಸಾ ಇಲ್ಲದೆ ವಿಮಾನ ನಿಲ್ದಾಣದ ಬೆಂಚಿನ ಮೇಲೆ ಕೂತರು. ಸಲೀಂ ಹಣೆ ಚಚ್ಚಿಕೊಂಡು, "ವಿಠಲ್ ಭಾಯ್, ಬುಕ್ರಾ ಬೋಲಾ, ಕೌನ್ಸಾ ಬುಕ್ರಾ ಮೈನೇ ಬೋಲಾ ಕ್ಯಾ?" ಅಂದ. ನಾಳೆ ಅಂದಿದ್ದೆ, ಯಾವ ನಾಳೆ ಅಂತ ಹೇಳಿದ್ದೆನಾ ಅಂತ ಅವನ ವಾದ. ಆಮೇಲೆ ನಾವಿಬ್ಬರೂ ಜೀವದ ಗೆಳೆಯರಾದೆವು.

ಯಂತ್ರಗಳ ಮಾತಿಗೆ ಬರುತ್ತೇನೆ. ಮೊದಲು ಕಾರ್ಬನ್ ಹಾಳೆ ಇಟ್ಟು ಕುಟ್ಟುವ ಟೈಪ್‌ರೈಟರ್. ತಪ್ಪಾದರೆ ಐದು ಪ್ರತಿಗಳಲ್ಲೂ ಉಜ್ಜಬೇಕು. ಶರ್ಟಿನ ತೋಳು ಯಾವಾಗಲೂ ನೀಲಿ. ಆಮೇಲೆ ವಿದ್ಯುತ್ತಿನದು ಬಂತು, ಮುಟ್ಟಿದರೆ ಸಾಕು ಓಡುವುದು. ಟೆಲೆಕ್ಸ್ ಹೋಯಿತು, ಫ್ಯಾಕ್ಸ್ ಬಂತು. ಕಂಪ್ಯೂಟರ್ ಬಂದ ಮೇಲೆ ಮ್ಯಾನೇಜರುಗಳೇ ತಮ್ಮ ಪತ್ರ ತಾವೇ ಬರೆಯತೊಡಗಿದರು, ನನ್ನ ಪೆನ್ಸಿಲಿಗೆ ಕೆಲಸವಿಲ್ಲದಾಯಿತು. ಒಬ್ಬ ಮನುಷ್ಯ ಯೋಚಿಸುತ್ತಾ ಮಾತಾಡುವಾಗ ಎದುರು ಕೂತು ಕೇಳುವ ಸುಖ ಆಮೇಲೆ ಸಿಗಲಿಲ್ಲ. ಎಲ್ಲಿ ತಡವರಿಸುತ್ತಾನೆ, ಎಲ್ಲಿ ಬೇಕಂತಲೇ ಗಂಟಲು ಸರಿಮಾಡುತ್ತಾನೆ, ಎಲ್ಲಿ ಸುಳ್ಳು ಹೇಳುತ್ತಾನೆ, ಎಲ್ಲ ಸೆಕ್ರೆಟರಿಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಗೊತ್ತಾಗದವನ ಹಾಗೆ ಬರೆದುಕೊಳ್ಳುವುದೇ ನಮ್ಮ ವಿದ್ಯೆ.

ಆ ವಿದ್ಯೆ ನನಗೆ ಕೈಕೊಟ್ಟದ್ದು ಟಾಲಿವರ್ ಸಾಹೇಬರ ಎದುರು.

ಟಾಲಿವರ್ ಅಮೆರಿಕದವರು, ರಸ್ತೆ ಎಂಜಿನಿಯರು. ಬುರೈಮಿ ಕಡೆಯ ಕೆಲಸ ಮುಗಿಸಿ ಬರ್ಕಾದ ಸೈಟಿಗೆ ಮುಖ್ಯಸ್ಥರಾಗಿ ಬಂದರು. ಪಿರೇರಾ ಸಾರ್ ನನ್ನನ್ನು ಅವರ ಜೊತೆ ಹಾಕಿದರು. ಎತ್ತರದ ಆಳು, ಬಿಸಿಲಿಗೆ ಸುಟ್ಟು ಕೆಂಪಗಾದ ಕತ್ತು. ಬೈಯುವುದು ಜೋರು, ಮರೆಯುವುದು ಅದಕ್ಕಿಂತ ಜೋರು. ಆಗ ಗುರುವಾರ ಅರ್ಧ ದಿನ, ಶುಕ್ರವಾರ ರಜೆ. ಒಂದು ಗುರುವಾರ ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ವಿಟಲ್, ಇದು ಕಂಪನಿಯ ಕೆಲಸ ಅಲ್ಲ. ಇಷ್ಟ ಇಲ್ಲದಿದ್ದರೆ ಇಲ್ಲ ಅನ್ನು. ನನ್ನ ಮುತ್ತಜ್ಜನ ಜೀವನ ಚರಿತ್ರೆ ಬರೆಯಬೇಕು. ನಾನು ಹೇಳುತ್ತೇನೆ, ನೀನು ಬರೆದುಕೊಳ್ಳುತ್ತೀಯಾ?"

ನಮ್ಮ ಸಂಭಾಷಣೆ ಇಂಗ್ಲಿಷಿನಲ್ಲಿ. ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ. ಒಪ್ಪಿಕೊಂಡೆ. ನಾವೆಲ್ಲ ಇದ್ದ ಕಂಪನಿಯ ಕ್ಯಾಂಪಿಗೆ ಹೋಗಿ ಬಟ್ಟೆ ಒಗೆಯುವುದಕ್ಕಿಂತ ಕತೆ ಕೇಳುವುದು ಮೇಲು.

ಮುತ್ತಜ್ಜನ ಹೆಸರು ಅಮೋಸ್. ಅಮೆರಿಕದ ನಡುಭಾಗದ ಒಂದು ರಾಜ್ಯದ ಶಾಸನಸಭೆಯಲ್ಲಿ ಸದಸ್ಯನಾಗಿದ್ದವನು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ. ರಾಜ್ಯದ ಹೆಸರು ಬರೆಯುವುದಿಲ್ಲ, ವಂಶದವರು ಅಲ್ಲಿದ್ದಾರೆ. ಕುದುರೆಯ ಜೀನು ಹೊಲಿಯುವ ಬಡವರ ಮನೆಯ ಮಗ. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ಮಾತ್ರ ಶಾಲೆ. ಅಪ್ಪನ ಅಂಗಡಿಯಲ್ಲಿ ಐಸಾಕ್ ಎಂಬ ಕಪ್ಪು ಮನುಷ್ಯ ಕೆಲಸಕ್ಕಿದ್ದ. ತೊಗಲಿಗೆ ಎರಡು ಸೂಜಿಯಲ್ಲಿ ಹೊಲಿಗೆ ಹಾಕುವುದನ್ನು ಅಮೋಸ್ ಕಲಿತದ್ದು ಅವನಿಂದ. ಮುಂದೆ ಒಬ್ಬ ವಕೀಲರ ಕಚೇರಿಯ ಅಟ್ಟದಲ್ಲಿ ಮಲಗಿ, ಅವರ ಪುಸ್ತಕಗಳನ್ನು ಓದಿ ತಾನೂ ವಕೀಲನಾದ. ಆಮೇಲೆ ಚುನಾವಣೆಗೆ ನಿಂತ.

ಚುನಾವಣೆಯ ಅಧ್ಯಾಯ ಬರೆದುಕೊಳ್ಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅಮೋಸ್ ಕುದುರೆ ಹತ್ತಿ ಮನೆಮನೆಗೆ ಹೋಗುತ್ತಿದ್ದನಂತೆ. ಪ್ರತಿ ಮನೆಯಲ್ಲೂ ಸೇಬಿನ ಕಡುಬು ತಿನ್ನಬೇಕು. ಒಂದು ಮನೆಯಲ್ಲಿ ತಿಂದು ಇನ್ನೊಂದರಲ್ಲಿ ಬಿಟ್ಟರೆ ಮತ ಹೋಯಿತು. ನಮ್ಮ ಊರಿನಲ್ಲಿ ಪಂಚಾಯಿತಿಗೆ ನಿಂತವರು ಮನೆಮನೆಯ ಮಜ್ಜಿಗೆ ಕುಡಿದು ಹೊಟ್ಟೆ ಕೆಡಿಸಿಕೊಳ್ಳುವುದನ್ನು ಹೇಳಿದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೆದ್ದ ಅಮೋಸ್ ಮಾಡಿದ ಮೊದಲ ಭಾಷಣ ಕುರಿ ಕಚ್ಚುವ ನಾಯಿಗಳ ಮೇಲೆ ತೆರಿಗೆ ಹಾಕಬೇಕು ಅಂತ, ಊರವರು ಬೇಡ ಬೇಡ ಅಂದರೂ. ಎರಡನೆಯದು ತನ್ನ ಊರಿನ ಹೊಳೆಗೆ ಸೇತುವೆ ಬೇಕು ಅಂತ. ದೊಡ್ಡ ರಾಷ್ಟ್ರದ ದೊಡ್ಡ ಶಾಸಕ ಅಂದರೆ ಏನೋ ಅಂದುಕೊಂಡಿದ್ದೆ. ನಾಯಿ, ಕುರಿ, ಹೊಳೆ. ಎಲ್ಲ ನಮ್ಮದೇ ಸಂಸಾರ. ಆ ಗುರುವಾರಗಳನ್ನು ನೆನೆಸಿಕೊಂಡರೆ ಇವತ್ತಿಗೂ ಮನಸ್ಸು ತಣ್ಣಗಾಗುತ್ತದೆ.

ಈ ಪುಸ್ತಕ ಯಾರಿಗಾಗಿ ಎಂದು ತಿಳಿದದ್ದು ಸ್ವಲ್ಪ ತಡವಾಗಿ. ಸಾಹೇಬರ ಅಪ್ಪ ಅಮೆರಿಕದಲ್ಲಿ ಒಂದು ವೃದ್ಧಾಶ್ರಮದಲ್ಲಿದ್ದರು. ಎರಡೂ ಕಣ್ಣು ಹೋಗಿತ್ತು. ಚಿಕ್ಕವರಿದ್ದಾಗ ಅಜ್ಜ ಅಮೋಸನ ತೊಡೆಯ ಮೇಲೆ ಕೂತು ಕತೆ ಕೇಳಿದವರು ಅವರು. ಆ ಕತೆಗಳಲ್ಲಿ ಒಂದು ದೊಡ್ಡದು: ಕಪ್ಪು ಜನರ ಮಕ್ಕಳಿಗೂ ಊರಿನ ಸರಕಾರಿ ಶಾಲೆಯಲ್ಲಿ ಜಾಗ ಕೊಡಬೇಕೆಂಬ ಮಸೂದೆ ಬಂದಾಗ, ಹೆಸರು ಕೂಗಿ ಮತ ಕೇಳುವಾಗ, ಅಮೋಸ್ ಎದ್ದು ನಿಂತು "ಹೌದು" ಎಂದದ್ದು ಹೊರಗೆ ಕಟ್ಟಿದ ಕುದುರೆಗಳಿಗೂ ಕೇಳಿಸಿತಂತೆ. ಮಸೂದೆ ಬಿತ್ತು, ಅಮೋಸನೂ ಮುಂದಿನ ಚುನಾವಣೆಯಲ್ಲಿ ಬಿದ್ದನಂತೆ. ಆದರೆ ಆ "ಹೌದು" ಮನೆತನದ ಆಸ್ತಿಯಾಗಿ ಉಳಿಯಿತು.

ಟೈಪು ಮಾಡಿದ ಅಧ್ಯಾಯಗಳನ್ನು ಸಾಹೇಬರು ಅಂಚೆಗೆ ಹಾಕುತ್ತಿದ್ದರು. ಅಲ್ಲಿನ ನರ್ಸು ಅದನ್ನು ರೈಲ್ವೆ ಸ್ಟೇಷನ್ನಿನ ಘೋಷಣೆಯ ಹಾಗೆ ಓದಿ ಮುಗಿಸುತ್ತಾಳೆ ಅಂತ ಅವರಿಗೆ ಸಂಕಟ.

"ಸರ್, ಕ್ಯಾಸೆಟ್ ಮಾಡಿ ಕಳಿಸಿ" ಅಂದೆ.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಗಲ್ಫಿನಲ್ಲಿದ್ದ ನಮ್ಮಂಥವರಿಗೆ ಕಾಗದಕ್ಕಿಂತ ಕ್ಯಾಸೆಟ್ಟೇ ಹತ್ತಿರ. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು. ನನ್ನ ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅವಳ ಉತ್ತರದ ಕ್ಯಾಸೆಟ್ಟಿನಲ್ಲಿ ಮೊದಲು ಕೋಳಿ ಕೂಗುತ್ತಿತ್ತು, ಆಮೇಲೆ "ಮಗಾ, ಒಣಸ್ ಆಂಡಾ?" ಅಂತ ಅವಳ ಸ್ವರ. ಊಟ ಆಯಿತಾ ಅಂತ ಕೇಳಿ, ನಾನು ಉತ್ತರ ಕೊಡಲಿ ಅಂತ ಒಂದಿಷ್ಟು ಹೊತ್ತು ಸುಮ್ಮನಿರುತ್ತಿದ್ದಳು. ಕ್ಯಾಂಪಿನ ಮಂಚದ ಮೇಲೆ ಕೂತು ನಾನೂ "ಆಂಡ್ ಅಮ್ಮ" ಅನ್ನುತ್ತಿದ್ದೆ. ಆ ಸುಮ್ಮನಿರುವ ಜಾಗ ಬಂದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಸಾಹೇಬರಿಗೆ ಉಪಾಯ ಹಿಡಿಸಿತು. ಅಧ್ಯಾಯಗಳನ್ನು ತಾವೇ ಓದಿ ಕ್ಯಾಸೆಟ್ ಮಾಡಿ ಕಳಿಸತೊಡಗಿದರು. ಅಪ್ಪನ ಉತ್ತರವೂ ಕ್ಯಾಸೆಟ್ಟಿನಲ್ಲೇ ಬರುತ್ತಿತ್ತು. ಮುದುಕರು ಪ್ರತಿ ಸಲವೂ ಹವಾಮಾನದಿಂದ ಶುರುಮಾಡುವರು: ಇಲ್ಲಿ ಹಿಮ ಬಿದ್ದಿದೆ, ಇಲ್ಲಿ ಗಾಳಿ ಎದ್ದಿದೆ. ಕಣ್ಣಿಲ್ಲದಿದ್ದರೂ ಕಿಟಕಿಯ ಹತ್ತಿರ ಕೂತು ಎಲ್ಲ ಹೇಳುವರು. ಕೊನೆಗೆ ತಪ್ಪದೆ ಒಂದು ಪ್ರಶ್ನೆ, "ಶಾಲೆಯ ಮಸೂದೆಯ ಅಧ್ಯಾಯ ಯಾವಾಗ ಬರುತ್ತದೆ ಮಗನೇ? ಅದನ್ನು ಕೇಳಿಯೇ ಹೊರಡುತ್ತೇನೆ."

ಆ ಅಧ್ಯಾಯ ಬರೆಯುವ ಮೊದಲು ಸಾಹೇಬರು ರಜೆಯಲ್ಲಿ ಊರಿಗೆ ಹೋದರು. ಆ ರಾಜ್ಯದ ರಾಜಧಾನಿಯ ಗ್ರಂಥಾಲಯದಲ್ಲಿ ಶಾಸನಸಭೆಯ ಹಳೆಯ ವರದಿಗಳನ್ನು ನೋಡಿಕೊಂಡು ಬರುವುದಿತ್ತು. ಹಿಂತಿರುಗಿದವರು ಬೇರೆ ಮನುಷ್ಯ. ಬೈಗುಳವಿಲ್ಲ, ನಗುವಿಲ್ಲ. ಗುರುವಾರ ಬಂತು, ಹೋಯಿತು; ನನ್ನನ್ನು ಕರೆಯಲಿಲ್ಲ. ಇನ್ನೊಂದು ಗುರುವಾರವೂ ಹಾಗೇ. ಕೊನೆಗೆ ನಾನೇ ಕೇಳಿದೆ.

"ಸರ್, ಶಾಲೆಯ ಅಧ್ಯಾಯ?"

ಸಾಹೇಬರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಅವನು 'ಇಲ್ಲ' ಅಂದಿದ್ದಾನೆ, ವಿಟಲ್. ಹೆಸರು ಕೂಗಿದಾಗ ಎದ್ದು ನಿಂತು, 'ಇಲ್ಲ' ಅಂದಿದ್ದಾನೆ."

ಸತ್ತು ಎಷ್ಟೋ ಕಾಲವಾದ, ಯಾವ ದೇಶದ ಯಾವನೋ ಶಾಸಕ. ಆದರೂ ಮನೆಯ ಹಿರಿಯರ ವಿಷಯ ಕೇಳಿದ ಹಾಗಾಯಿತು. ಅಷ್ಟು ಗುರುವಾರ ಅವನ ಜೊತೆ ಕಡುಬು ತಿಂದಿದ್ದೆನಲ್ಲ. ಅದಕ್ಕಿಂತ ಹೆಚ್ಚಾಗಿ, ಕಿಟಕಿಯ ಹತ್ತಿರ ಕೂತ ಆ ಕುರುಡು ಮುದುಕರ ಸ್ವರ ಕಿವಿಯಲ್ಲಿತ್ತು. ಅದನ್ನು ಕೇಳಿಯೇ ಹೊರಡುತ್ತೇನೆ ಅಂದವರಿಗೆ ಇದನ್ನು ಕೇಳಿಸುವುದು ಹೇಗೆ?

ಮುಂದಿನ ಗುರುವಾರ ಸಾಹೇಬರು ಕರೆದರು. ಬರ್ಕಾದ ಸೈಟ್ ಆಫೀಸು ಅಂದರೆ ಮರಳಿನ ಮೇಲಿಟ್ಟ ಒಂದು ತಗಡಿನ ಕ್ಯಾಬಿನ್, ಗೋಡೆಗೆ ಸಿಕ್ಕಿಸಿದ ಎ.ಸಿ., ಎರಡು ಕುರ್ಚಿ. ಹೇಳಿ ಮುಗಿಸಿದ ಕೂಡಲೇ ಓದಿ ಕ್ಯಾಸೆಟ್ ಮಾಡಬೇಕು, ಅಪ್ಪನ ಆರೋಗ್ಯ ಚೆನ್ನಾಗಿಲ್ಲವಂತೆ ಅಂದರು. ನಾನು ಹೊಸ ಕ್ಯಾಸೆಟ್ ಹಾಕಿ, ಸರಿಯಾಗಿದೆಯೇ ಅಂತ ನೋಡಲು ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿಟ್ಟು, ಪೆನ್ಸಿಲ್ ಹಿಡಿದು ಕೂತೆ.

"ಬರೆದುಕೋ. ಮತದಾನದ ದಿನ ಅಮೋಸನಿಗೆ ತೀವ್ರ ಜ್ವರವಿತ್ತು. ಅವನು ಸಭೆಗೆ ಹೋಗಲು ಆಗಲಿಲ್ಲ. ಹೋಗಿದ್ದರೆ 'ಹೌದು' ಅನ್ನುತ್ತಿದ್ದ."

ಬರೆದುಕೊಂಡೆ. ಆದರೆ ಗೊತ್ತಾದರೂ ಗೊತ್ತಾಗದವನ ಹಾಗೆ ಕೂರುವ ವಿದ್ಯೆ ಅವತ್ತು ಕೈಕೊಟ್ಟಿತು.

"ಮುಖ ಯಾಕೆ ಹಾಗೆ ಮಾಡಿದ್ದೀಯ?"

"ಬರೆದಿದ್ದೇನೆ ಸರ್."

"ಬರೆದಿದ್ದೀಯ, ಅದು ಗೊತ್ತು. ಮುಖ ಯಾಕೆ ಹಾಗಿದೆ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಮ್ಮ ಊರಿನಲ್ಲಿ ತಾಳಮದ್ದಳೆ ಅಂತ ಇದೆ ಸರ್. ವೇಷ ಇಲ್ಲ, ಕುಣಿತ ಇಲ್ಲ. ಚಾಪೆಯ ಮೇಲೆ ಎದುರುಬದುರು ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ. ಬರೆದಿಟ್ಟ ಮಾತಿಲ್ಲ, ಆಗಲೇ ಹುಟ್ಟಿಸಬೇಕು. ಅವರನ್ನು ಅರ್ಥಧಾರಿ ಅನ್ನುತ್ತೇವೆ. ಕತೆಯಲ್ಲಿ ಯಾರು ಸೋಲುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ಸೋಲುವವನ ಪಾತ್ರಕ್ಕೇ ಒಳ್ಳೆಯ ಅರ್ಥಧಾರಿಯನ್ನು ಕೂರಿಸುತ್ತಾರೆ. ತಪ್ಪು ಮಾಡಿದವನಿಗೂ ತನ್ನ ಮಾತು ಹೇಳುವ ಸರದಿ ಇರುತ್ತದೆ. ನೀವು ಅವನನ್ನು ಜ್ವರ ಬರಿಸಿ ಮಲಗಿಸಿದರೆ, ಅವನ ಸರದಿ ಹೋಯಿತಲ್ಲ ಸರ್."

ಕೆಲಸ ಹೋಯಿತು ಅಂದುಕೊಂಡೆ. ಸಾಹೇಬರು ಕುರ್ಚಿಯನ್ನು ನನ್ನೆದುರಿಗೆ ತಿರುಗಿಸಿಕೊಂಡರು.

"ನಾನು ಅಮೋಸ್. ಎದುರು ಯಾರು ಕೂರುತ್ತಾರೆ?"

"ನಾನು. ಐಸಾಕನಾಗಿ."

ಐಸಾಕನಿಗೆ ಶಾಲೆಗೆ ಹೋಗಲು ಆಸೆಪಟ್ಟ ಒಬ್ಬ ಮಗಳಿದ್ದಳು ಅಂತ ಅವರೇ ಒಂದು ಅಧ್ಯಾಯದಲ್ಲಿ ಬರೆಸಿದ್ದರು. ನನಗೆ ಅಷ್ಟು ಸಾಕಾಯಿತು. ಊರಿನಲ್ಲಿ ನಾನು ಸಣ್ಣಪುಟ್ಟ ಕೂಟಗಳಲ್ಲಿ ಅರ್ಥ ಹೇಳಿದವನು. ಎದುರಾಳಿಯನ್ನು ಹೇಗೆ ಒಳಗೆ ಕರೆಯಬೇಕು ಅಂತ ಗೊತ್ತಿತ್ತು. ನಯವಾಗಿ ಶುರುಮಾಡಿದೆ.

"ಬಾ ಅಮೋಸ್, ರಾಜಧಾನಿಯಿಂದ ಯಾವಾಗ ಬಂದೆ? ಕೈ ತೋರಿಸು. ಸೂಜಿ ಚುಚ್ಚಿದ ಗುರುತು ಇದೆಯಲ್ಲ, ನಾನು ಕಲಿಸಿದ ಹೊಲಿಗೆಯದು. ಆ ಕೈಯನ್ನೆತ್ತಿ ಮೊನ್ನೆ ಏನೋ ಅಂದೆಯಂತೆ?"

ಸಾಹೇಬರು ಮೊದಲು ಎಡವಿದರು. ಆಮೇಲೆ ಮಾತು ಬಂತು. "ನನ್ನನ್ನು ಕಳಿಸಿದ ಜನ ಬೇಡ ಅಂದರು, ಐಸಾಕ್. ಅವರ ಮಾತನ್ನು ಅಲ್ಲಿ ಹೇಳುವುದೇ ನನ್ನ ಕೆಲಸ."

"ನಾಯಿ ತೆರಿಗೆಯನ್ನೂ ಜನ ಬೇಡ ಅಂದಿದ್ದರು. ಅವತ್ತು ನೀನು, ನನಗೂ ತಲೆ ಇದೆ ಅಂದೆ. ಕುರಿಗಾಗಿ ಇದ್ದ ತಲೆ ನನ್ನ ಮಗಳಿಗಾಗಿ ಇಲ್ಲವಾಯಿತಾ?"

"ನನ್ನೊಬ್ಬನ ಮತದಿಂದ ಮಸೂದೆ ಗೆಲ್ಲುತ್ತಿರಲಿಲ್ಲ."

"ಗೆಲ್ಲುವುದು ಬೇರೆ. ಹೆಸರು ಕೂಗಿದ್ದು ನಿನ್ನದು."

"ನಾನು ಸೋತು ಮನೆಗೆ ಬಂದರೆ ಸೇತುವೆ ಬರುತ್ತಿರಲಿಲ್ಲ, ಐಸಾಕ್. ಸೇತುವೆ ನಿನಗೂ ಬೇಕಲ್ಲ?"

"ಬೇಕು. ನನ್ನ ಮಗಳೂ ಅದರ ಮೇಲೆ ನಡೆಯುತ್ತಾಳೆ. ಎಲ್ಲಿಗೆ ಅಂತ ನೀನೇ ಹೇಳು. ಶಾಲೆಗಂತೂ ಅಲ್ಲವಲ್ಲ."

ಸಾಹೇಬರ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ನಾನೂ ಸುಮ್ಮನಾದೆ. ಎದುರಾಳಿ ಮೌನವಾದಾಗ ಅವನ ಮೌನವನ್ನು ಕಸಿಯಬಾರದು, ಅದು ನಮ್ಮಲ್ಲಿ ಮರ್ಯಾದೆ. ಕೊನೆಗೆ ಆ ಎತ್ತರದ ಆಳು ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ತಲೆತಗ್ಗಿಸಿ ಹೇಳಿದರು.

"ಹೆದರಿದೆ, ಐಸಾಕ್. ಅಷ್ಟೇ. ಗ್ಯಾಲರಿಯಲ್ಲಿ ಜನ ಕೂಗುತ್ತಿದ್ದರು. ಹೆದರಿದೆ."

ಆಗ ಟಕ್ ಅಂತ ಸದ್ದಾಯಿತು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದು ಗುಂಡಿ ಮೇಲೆ ಬಂದಿತ್ತು. ನಾನು ಒತ್ತಿಟ್ಟದ್ದು ಇಬ್ಬರಿಗೂ ಮರೆತೇ ಹೋಗಿತ್ತು.

"ಅಳಿಸುತ್ತೇನೆ ಸರ್" ಅಂದೆ.

"ಬೇಡ. ಹಾಗೇ ಇರಲಿ."

ಶನಿವಾರ ಬೆಳಿಗ್ಗೆ ಸಾಹೇಬರು ಅದೇ ಕ್ಯಾಸೆಟ್ಟನ್ನು ಲಕೋಟೆಯಲ್ಲಿ ಹಾಕಿ ತಂದುಕೊಟ್ಟರು. ಇನ್ನೊಂದು ಮಗ್ಗುಲಲ್ಲಿ, ತಾಳಮದ್ದಳೆ ಅಂದರೇನು, ಐಸಾಕನಾಗಿ ಮಾತಾಡಿದವನು ಯಾರು, ವರದಿಯಲ್ಲಿ ತಾವು ಕಂಡದ್ದೇನು ಅಂತ ಅಪ್ಪನಿಗೆ ವಿವರಿಸಿದ್ದರಂತೆ.

"ಸರ್, ವಯಸ್ಸಾದವರು. ಏನಾದರೂ ಆದರೆ?"

"ಆಗಬಹುದು. ಆದರೆ ನನ್ನ ಅಪ್ಪನಿಗೆ ಕಣ್ಣು ಮಾತ್ರ ಇಲ್ಲ. ನಾನು ಸುಳ್ಳು ಓದಿದರೆ ಸ್ವರದಲ್ಲೇ ಹಿಡಿಯುತ್ತಾರೆ. ನೀನು ಹಿಡಿದ ಹಾಗೆ."

ಸಲೀಂ ಅದನ್ನು ಅಂಚೆಗೆ ಹಾಕಿದ. ಆಮೇಲಿನ ವಾರಗಳು ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಫೋನು ಬಂದಾಗಲೆಲ್ಲ ಅಮೆರಿಕದಿಂದಲೋ ಅಂತ ಓಡುವುದು. ನನ್ನ ಬಾಯಿಚಪಲಕ್ಕೆ ಒಬ್ಬ ಮುದುಕರ ಕೊನೆಗಾಲದ ನೆಮ್ಮದಿ ಹೋಯಿತೇನೋ ಅಂತ ಊಟ ಸೇರುತ್ತಿರಲಿಲ್ಲ. ಸಲೀಮನನ್ನು ದಿನಾ ಕೇಳುವುದು, ಅವನು ದಿನಾ "ಬುಕ್ರಾ" ಅನ್ನುವುದು. ಅವನಿಗೂ ವಿಷಯ ಗೊತ್ತಿತ್ತು, ತಮಾಷೆಯ ದನಿಯಲ್ಲಿ ಅನ್ನುತ್ತಿರಲಿಲ್ಲ.

ಒಂದು ಬೆಳಿಗ್ಗೆ ಲಕೋಟೆ ಬಂತು. ಸಲೀಂ ಕೊಟ್ಟು ಹೋಗಲಿಲ್ಲ, ಬಾಗಿಲಲ್ಲೇ ನಿಂತ. ಸಾಹೇಬರು ಕ್ಯಾಸೆಟ್ ಹಾಕಿ ನನ್ನನ್ನು ಕೂರಲು ಹೇಳಿದರು. ಹಿಮದ ಮಾತಿಲ್ಲ, ಗಾಳಿಯ ಮಾತಿಲ್ಲ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ ಆ ಮುದುಕರ ಸ್ವರ.

"ಐಸಾಕ್, ಇದ್ದೀಯಾ ಅಲ್ಲಿ?"

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮುದುಕರು ತಮ್ಮ ಅಜ್ಜನ ಪಾತ್ರವನ್ನು ತಾವೇ ವಹಿಸಿಕೊಂಡಿದ್ದರು! ತಾಳ ಕಂಡವರಲ್ಲ, ಮದ್ದಳೆ ಕೇಳಿದವರಲ್ಲ. ಮಗ ಕ್ಯಾಸೆಟ್ಟಿನಲ್ಲಿ ಹೇಳಿದ್ದನ್ನು ಕೇಳಿಯೇ ಎದುರು ಬಂದು ಕೂತಿದ್ದರು.

"ನನ್ನ ಮರಿಮಗ ನನ್ನ ಪರವಾಗಿ ಚೆನ್ನಾಗಿಯೇ ಮಾತಾಡಿದ. ಆದರೆ ಒಂದು ಮಾತು ಅವನಿಗೆ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷ ಕಳೆದು, ನನಗೆ ವಯಸ್ಸಾಗಿ, ಜಗಲಿಯಲ್ಲಿ ಕೂತಿದ್ದಾಗ, ನನ್ನ ಮೊಮ್ಮಗ ತೊಡೆ ಏರಿ ಕತೆ ಹೇಳು ಅಂದ. ನಾನು 'ಹೌದು' ಅಂದೆ ಅಂತ ಹೇಳಿದೆ. ಕುದುರೆಗಳಿಗೂ ಕೇಳಿಸಿತು ಅಂತ ಹೇಳಿದೆ. ಭೂಮಿಯ ಮೇಲೆ ಒಬ್ಬನಾದರೂ ನಾನು 'ಹೌದು' ಅಂದವನು ಅಂತ ನಂಬಲಿ ಅನ್ನಿಸಿತು, ಐಸಾಕ್. ಆ ಹುಡುಗ ನಂಬಿದ. ಇಷ್ಟು ವರ್ಷ ನಂಬಿದ. ಅವನಿಗೆ ನನ್ನ ಮೇಲೆ ಸಿಟ್ಟಿಲ್ಲವಂತೆ, ಅದನ್ನು ನಿನಗೆ ಹೇಳಬೇಕಂತೆ."

ಸಾಹೇಬರು ಮುಖ ಮುಚ್ಚಿಕೊಂಡರು. ಕ್ಯಾಸೆಟ್ ಓಡುತ್ತಲೇ ಇತ್ತು. ಕೆಮ್ಮು, ನೀರು ಕುಡಿದ ಸದ್ದು, ಮತ್ತೆ ಸ್ವರ.

"ಐಸಾಕ್, ನಿನ್ನ ಮಗಳ ಹೆಸರೇನು? ನಾನು ಕೇಳಲೇ ಇಲ್ಲ."

ಅಷ್ಟು ಹೇಳಿ ಮುದುಕರು ಸುಮ್ಮನಾದರು. ನನ್ನ ಅಮ್ಮ ಸುಮ್ಮನಾಗುತ್ತಿದ್ದ ಹಾಗೇ, ಉತ್ತರಕ್ಕೆ ಜಾಗ ಬಿಟ್ಟು.

ಅರ್ಥ ಹೇಳುವವನಿಗೆ ಯಾವ ಪ್ರಶ್ನೆಗೂ ಉತ್ತರ ಹುಟ್ಟಬೇಕು, ಇಲ್ಲದಿದ್ದರೆ ಅವನು ಅರ್ಥಧಾರಿಯೇ ಅಲ್ಲ. ಒಂದು ಹೆಸರು ಹೇಳಿಬಿಡುವುದು ಏನು ಕಷ್ಟ? ಊರಿನಲ್ಲಿ ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದ ನನ್ನ ಮಗಳ ಹೆಸರೇ ನಾಲಗೆಯ ತುದಿಗೆ ಬಂತು. ಹೇಳಲು ಆಗಲಿಲ್ಲ. ಅದು ಇನ್ನೊಬ್ಬಳ ಜಾಗ.

"ಗೊತ್ತಿಲ್ಲ ಸರ್" ಅಂದೆ. "ಎಲ್ಲೂ ಬರೆದಿಲ್ಲ."

ಬಾಗಿಲಲ್ಲಿ ನಿಂತ ಸಲೀಂ ಮೆಲ್ಲಗೆ "ಖಲಾಸ್?" ಅಂತ ಕೇಳಿದ. ಮುದುಕರು ತೀರಿಕೊಂಡರೋ ಅಂತ ಅವನ ಗಾಬರಿ.

"ಇಲ್ಲ" ಅಂದರು ಸಾಹೇಬರು, ಕಣ್ಣೊರೆಸಿಕೊಂಡು. "ಇನ್ನೂ ಇದ್ದಾರೆ. ವಿಟಲ್, ಪೆನ್ಸಿಲ್ ತಗೋ."

ಗುರುವಾರವಲ್ಲ, ಕಂಪನಿಯ ಸಮಯ, ಯಾರೂ ಲೆಕ್ಕಿಸಲಿಲ್ಲ. ಶಾಲೆಯ ಅಧ್ಯಾಯ ಒಂದೇ ಹಾಳೆಯದು. ಇವತ್ತಿಗೂ ಬಾಯಿಪಾಠ ಬರುತ್ತದೆ: "ಆ ದಿನ ಅಮೋಸ್ ಸಭೆಯಲ್ಲಿದ್ದ. ಅವನ ಆರೋಗ್ಯ ಚೆನ್ನಾಗಿತ್ತು. ಹೆಸರು ಕೂಗಿದಾಗ ಎದ್ದು ನಿಂತು 'ಇಲ್ಲ' ಅಂದ. ಅವನಿಗೆ ಹೊಲಿಗೆ ಕಲಿಸಿದ ಐಸಾಕನ ಮಗಳು ಶಾಲೆಗೆ ಹೋಗಲಿಲ್ಲ. ಅವಳ ಹೆಸರನ್ನು ಅವನು ಕೇಳಿರಲಿಲ್ಲ, ನಮಗೂ ತಿಳಿದಿಲ್ಲ." ಸಾಹೇಬರು ಅದನ್ನು ಓದಿ ಕ್ಯಾಸೆಟ್ ಮಾಡಿ ಕಳಿಸಿದರು. ಮುದುಕರು ಅದನ್ನು ಕೇಳಿಯೇ ಹೊರಟರು.

ರಸ್ತೆ ಮುಗಿದ ಮೇಲೆ ಸಾಹೇಬರು ದೇಶಕ್ಕೆ ಹೋದರು. ಪಿರೇರಾ ಸಾರ್ ಇಲ್ಲ, ಸಲೀಮನ ಮಕ್ಕಳು ದೊಡ್ಡವರಾಗಿದ್ದಾರೆ. ಬರ್ಕಾದ ಕಡೆ ಅಳಿಯ ಕಾರು ಓಡಿಸುವಾಗ, ಆ ತಗಡಿನ ಕ್ಯಾಬಿನ್ ಇದ್ದ ಜಾಗ ಯಾವುದು ಅಂತ ಹುಡುಕುತ್ತೇನೆ. ಸಾಲು ಅಂಗಡಿಗಳಾಗಿವೆ, ಗುರುತೇ ಹತ್ತುವುದಿಲ್ಲ. ಆದರೂ ಹುಡುಕುತ್ತೇನೆ.

ಹಾಗಾಗಿ ನಮ್ಮ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನಲ್ಲಿ ಹೇಳಲು ಇರುವುದು ಪಿರೇರಾ ಸಾರ್ ಹೇಳಿದ್ದು ಮಾತ್ರ. ಯಂತ್ರ ಬದಲಾಗುತ್ತದೆ, ಕಲಿತುಕೊಳ್ಳುತ್ತೀರಿ. ಎದುರು ಬಂದವರ ಹೆಸರು ಮೊದಲು ಕೇಳಿ. ಮಿಕ್ಕಿದ್ದೆಲ್ಲ ಆಮೇಲೆ.

ಇಷ್ಟು ಬರೆದು ಮುಗಿಸಿ, ಇದನ್ನು ಮೊದಲು ಆ ಬೆಳಗಾವಿಯ ಹುಡುಗಿಗೆ ಕೊಡಬೇಕು ಅಂತ ಮಗಳಿಗೆ ಹೇಳಿದೆ. "ಬೆಳಗಾವಿಯವರು ನನಗೆ ಮೂವರು ಗೊತ್ತು. ಯಾರಪ್ಪ, ಹೆಸರೇನು?" ಅಂತ ಕೇಳಿದಳು.

ಬಸಳೆಯ ಕಟ್ಟು ಕೈಯಲ್ಲಿ ಹಿಡಿದು ಅವಳ ಎದುರೇ ನಿಂತು ಮಾತಾಡಿದ್ದೆ. ನಾಳೆ ಮತ್ತೆ ಮಾರುಕಟ್ಟೆಗೆ ಹೋಗಬೇಕು.